ಬಿಪಿ ಇಳಿಯದಿದ್ದಾಗ ನಾನು ರಾತ್ರಿಯ ಬಗ್ಗೆ ಕೇಳಲು ಶುರು ಮಾಡಿದ್ದು

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಒಬ್ಬರು ಹದಿನಾಲ್ಕು ತಿಂಗಳಿಂದ ನನ್ನ ಹತ್ತಿರ ಬಿಪಿಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ವಯಸ್ಸು 52. ಮೂರು ಬಗೆಯ ಮಾತ್ರೆ, ಮೂರೂ ಪೂರ್ತಿ ಡೋಸ್, ಅದರಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಆದರೂ ತೋಳಿಗೆ ಪಟ್ಟಿ ಸುತ್ತಿದಾಗಲೆಲ್ಲ 160ರ ಮೇಲೆಯೇ ಇರುತ್ತಿತ್ತು. ಉಪ್ಪು ಕಡಿಮೆ ಮಾಡಿದಿರಾ, ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು ಬಂದಾಗಲೆಲ್ಲ ಕೇಳುತ್ತಿದ್ದೆ. "ಇಲ್ಲ ಸಾರ್, ನೀವು ಹೇಳಿದ್ದೆಲ್ಲ ಮಾಡ್ತಿದೀನಿ" ಎನ್ನುತ್ತಿದ್ದರು. ನಾನು ಒಳಗೊಳಗೇ ಅವರನ್ನು ನಂಬಿರಲಿಲ್ಲ. ಆ ತಪ್ಪು ನನ್ನದು.

ಒಂದು ದಿನ ಅವರ ಹೆಂಡತಿ ತಮ್ಮ ಮಂಡಿನೋವು ತೋರಿಸಲು ಜೊತೆಗೆ ಬಂದರು. ಚೀಟಿ ಬರೆದುಕೊಟ್ಟ ಮೇಲೂ ಎದ್ದು ಹೋಗದೆ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಇವ್ರು ರಾತ್ರಿ ಗೊರಕೆ ಹೊಡೀತಾ ಹೊಡೀತಾ ಇದ್ದಕ್ಕಿದ್ದ ಹಾಗೆ ಸುಮ್ನಾಗಿಬಿಡ್ತಾರೆ. ಉಸಿರೇ ಇರಲ್ಲ. ನಾನೆದ್ದು ಅಲುಗಾಡಿಸ್ತೀನಿ. ಇದೂ ಒಂದು ಕಾಯಿಲೇನಾ?" ಗಂಡ, "ಅದನ್ನೆಲ್ಲ ಇಲ್ಲಿ ಯಾಕೆ ಹೇಳ್ತೀಯ" ಎಂದು ಗದರಿದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ಆರೇಳು ವರ್ಷ ಆಯ್ತು" ಎಂದರು ಆಕೆ.

ಆರೇಳು ವರ್ಷ ಆ ಹೆಣ್ಣುಮಗಳು ರಾತ್ರಿಯೆಲ್ಲ ಗಂಡನ ಉಸಿರನ್ನು ಕಾಯುತ್ತಿದ್ದರು. ನಾನು ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ಅವರ ನಿದ್ದೆಯ ಬಗ್ಗೆ ಕೇಳಿರಲಿಲ್ಲ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಕಾಲೇಜಿನಲ್ಲಿ ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಬಿಪಿ ರೋಗಿಯ ಎದುರು ಕೂತಾಗ ಅದು ನೆನಪಿಗೇ ಬಂದಿರಲಿಲ್ಲ.

ಅವರಿಬ್ಬರಿಗೆ ಆ ದಿನ ನಾನು ವಿವರಿಸಿದ್ದು ಹೀಗೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಏನಾಗುತ್ತೆ? ಒಳಗೇ ಅಂಟಿಕೊಂಡು ಮುಚ್ಚಿಹೋಗುತ್ತೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ಕೆಲವರಿಗೆ ಹೀಗೇ ಆಗುತ್ತದೆ. ಎದೆ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ಗಂಟಲು ಬಿಡುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಒಂದು ನಿಮಿಷ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ. ಒಂದು ದೊಡ್ಡ ಸದ್ದಿನೊಂದಿಗೆ ಉಸಿರು ವಾಪಸ್ ಬರುತ್ತದೆ. ಬೆಳಗ್ಗೆ ಎದ್ದವರಿಗೆ ಇದು ಯಾವುದೂ ನೆನಪಿರುವುದಿಲ್ಲ.

ಹೃದಯಕ್ಕೆ ಪೆಟ್ಟು ಬೀಳುವುದು ಇಲ್ಲೇ. ಪ್ರತಿ ಗಾಬರಿಗೂ ಅಡ್ರಿನಲಿನ್ ನುಗ್ಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಜಿಗಿಯುತ್ತದೆ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆಯುವಾಗ ಎದೆಯೊಳಗಿನ ಒತ್ತಡ ತೀರಾ ಇಳಿದು ಹೃದಯದ ಗೋಡೆಗಳು ಹಿಗ್ಗುತ್ತವೆ. ತೆಳ್ಳಗಿರುವ ಮೇಲಿನ ಕೋಣೆಗಳಿಗೆ ಇದರ ಬಿಸಿ ಜಾಸ್ತಿ. ಅವು ಹಿಗ್ಗಿದಾಗ ಮೂತ್ರ ಹೆಚ್ಚಿಸುವ ಒಂದು ಹಾರ್ಮೋನು ಹೊರಬರುತ್ತದೆ. ನಮ್ಮ ಕೊಬ್ಬರಿ ವ್ಯಾಪಾರಿ ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದದ್ದಕ್ಕೆ ಅದೂ ಒಂದು ಕಾರಣ. ಶುಗರ್ ಬಂತೋ ಏನೋ ಎಂದು ಅವರು ಎರಡು ಸಲ ರಕ್ತ ಕೊಟ್ಟು ಬಂದಿದ್ದರು!

ಆರೋಗ್ಯವಂತರಿಗೆ ನಿದ್ದೆಯಲ್ಲಿ ಬಿಪಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ರಕ್ತನಾಳಗಳಿಗೆ ಸಿಗುವ ದಿನದ ವಿಶ್ರಾಂತಿ ಅದು. ನಾನು ಮೊದಲು ಅವರಿಗೆ 24 ಗಂಟೆ ಬಿಪಿ ಅಳೆಯುವ ಯಂತ್ರ ಕಟ್ಟಿ ಕಳಿಸಿದೆ. ಮರುದಿನ ಕಾಗದ ನೋಡಿ ನನಗೆ ಬೇಜಾರಾಯಿತು. ಹಗಲಿಗಿಂತ ರಾತ್ರಿಯ ಬಿಪಿಯೇ ಮೇಲಿತ್ತು. ಅಷ್ಟೂ ತಿಂಗಳು ನಾನು ಹಗಲಿನ ಒಂದು ಅಂಕಿ ನೋಡಿಕೊಂಡು ಮಾತ್ರೆ ಬದಲಿಸುತ್ತಾ ಕೂತಿದ್ದೆ.

ಆಮೇಲೆ ಮನೆಯಲ್ಲೇ ಮಾಡುವ ನಿದ್ದೆ ಪರೀಕ್ಷೆ. ಬೆಂಗಳೂರಿನಿಂದ ಒಂದು ಚಿಕ್ಕ ಕಿಟ್ ತರಿಸಿದೆ. ಮೂಗಿಗೆ ಸಣ್ಣ ನಳಿಕೆ, ಎದೆಗೆ ಒಂದು ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಅಥವಾ ತೀರಾ ಕಡಿಮೆಯಾಗುತ್ತೆ ಎಂದು ಅದು ಎಣಿಸುತ್ತದೆ. 5ರ ಒಳಗಿದ್ದರೆ ಸರಿ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಅವರಿಗೆ 47 ಬಂತು. ರಕ್ತದ ಆಮ್ಲಜನಕ ಒಂದು ಹಂತದಲ್ಲಿ ಶೇಕಡಾ 71ಕ್ಕೆ ಇಳಿದಿತ್ತು. ವಾರ್ಡಿನಲ್ಲಿ ಎಚ್ಚರವಾಗಿರುವ ರೋಗಿಗೆ 71 ಕಂಡರೆ ನಾವು ಓಡಿ ಹೋಗಿ ಆಕ್ಸಿಜನ್ ಹಾಕುತ್ತೇವೆ, ಅಲ್ವಾ? ಇಲ್ಲಿ ಮನೆಯ ಮಂಚದ ಮೇಲೆ ದಿನಾ ರಾತ್ರಿ ಅದು ನಡೆಯುತ್ತಿತ್ತು.

ಆ ವಾರ ನಾನು ತುಂಬ ಓದಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯ ಜನರನ್ನು ವರ್ಷಗಟ್ಟಲೆ ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಗಿತ್ತು. ಉಸಿರು ನಿಲ್ಲುವ ಲೆಕ್ಕ ಏರಿದಂತೆ, ನಾಲ್ಕು ವರ್ಷದ ನಂತರ ಬಿಪಿ ಬಂದಿರುವ ಸಾಧ್ಯತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಅಲ್ಲಿನದೇ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್‌ನವರು 2005ರಲ್ಲಿ ಬರೆದದ್ದು ನನ್ನನ್ನು ಇನ್ನೂ ಹೆಚ್ಚು ಕಾಡಿತು. ಹಠಾತ್ ಹೃದಯ ನಿಂತು ಸತ್ತ 112 ಜನರ ಲೆಕ್ಕ ಅದು. ಸಾಮಾನ್ಯವಾಗಿ ಇಂಥ ಸಾವು ಬೆಳಗ್ಗೆ ಎದ್ದ ಮೇಲಿನ ಗಂಟೆಗಳಲ್ಲಿ ಹೆಚ್ಚು. ಸ್ಲೀಪ್ ಆಪ್ನಿಯಾ ಇದ್ದವರಲ್ಲಿ ಮಾತ್ರ ಶೇಕಡಾ 46ರಷ್ಟು ಸಾವು ನಡುರಾತ್ರಿಯಿಂದ ಬೆಳಗ್ಗೆ ಆರರ ಒಳಗೆ ಆಗಿತ್ತು. ಆಪ್ನಿಯಾ ಇಲ್ಲದವರಲ್ಲಿ ಇದು ಶೇಕಡಾ 21. "ರಾತ್ರಿ ಮಲಗಿದ್ರು, ಬೆಳಗ್ಗೆ ಏಳ್ಲೇ ಇಲ್ಲ. ಪುಣ್ಯದ ಸಾವು" ಎನ್ನುವ ಮಾತನ್ನು ನಮ್ಮ ಊರುಗಳಲ್ಲಿ ಎಷ್ಟು ಸಲ ಕೇಳಿದ್ದೇನೆ. ಅವರಲ್ಲಿ ಎಷ್ಟು ಜನ ಗೊರಕೆ ಹೊಡೆಯುತ್ತಿದ್ದರೋ ಎಂದು ಈಗ ಯೋಚನೆ ಬರುತ್ತದೆ.

ಚಿಕಿತ್ಸೆ ಎಂದರೆ ಸಿಪ್ಯಾಪ್ ಯಂತ್ರ. ಮಾಸ್ಕಿನ ಮೂಲಕ ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಬಿಟ್ಟು ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ಬಳಸಿಕೊಂಡು ಇದನ್ನು ಮಾಡಿ ತೋರಿಸಿದರು. ಯಂತ್ರ ಬರೆದುಕೊಡುವುದು ಸುಲಭ, ಅದರ ಜೊತೆ ಮಲಗಿಸುವುದು ಕಷ್ಟ. ಮೊದಲ ರಾತ್ರಿ ಅವರು ಒಂದೇ ಗಂಟೆಗೆ ಕಿತ್ತು ಎಸೆದರು. "ಸಾರ್, ಆನೆ ಸೊಂಡ್ಲು ಕಟ್ಕೊಂಡ್ ಹಾಗಾಗತ್ತೆ" ಎಂದರು. ಕರೆಂಟ್ ಹೋದಾಗ ಉಸಿರು ಕಟ್ಟಿದ ಹಾಗಾಗಿ ಹೆದರಿಬಿಟ್ಟಿದ್ದರು.

ನಾನು ಕಲಿತದ್ದೆಲ್ಲ ಆ ಮೂರು ವಾರದಲ್ಲೇ. ಮಾಸ್ಕನ್ನು ಮೊದಲು ಹಗಲಲ್ಲಿ, ಟಿವಿ ನೋಡುತ್ತಾ, ಅರ್ಧ ಗಂಟೆ ಹಾಕಿಕೊಳ್ಳಲು ಹೇಳಿದೆ. ಒತ್ತಡ ನಿಧಾನವಾಗಿ ಏರುವ ಹಾಗೆ ಹೊಂದಿಸಿದೆವು. ಯಂತ್ರವನ್ನು ಯುಪಿಎಸ್ ಲೈನಿಗೆ ಹಾಕಿಸಿದೆವು. ಮಲಗುವ ಮುಂಚೆ ಮುಖಕ್ಕೆ ಎಣ್ಣೆ ಹಚ್ಚುವ ಅಭ್ಯಾಸ ಅವರಿಗಿತ್ತು. ಮಾಸ್ಕ್ ಜಾರಿ ಗಾಳಿ ಸೋರುತ್ತಿದ್ದದ್ದು ಅದಕ್ಕೇ. ಸೋಪು ಹಾಕಿ ಮುಖ ತೊಳೆದು ಮಲಗಿ ಎಂದೆ. ದಪ್ಪ ಮೀಸೆ ಇತ್ತು, ಅದನ್ನು ತೆಗೆಯಿರಿ ಎನ್ನಲು ಮನಸ್ಸಾಗಲಿಲ್ಲ. ಮೂಗಿನ ಹೊಳ್ಳೆಗಷ್ಟೇ ಕೂರುವ ಚಿಕ್ಕ ಮಾಸ್ಕ್ ತರಿಸಿದೆ. ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ನಾನೇ ಫೋನ್ ಮಾಡಿದೆ. ಈಗಲೂ ಎಲ್ಲರಿಗೂ ಹೀಗೇ ಮಾಡುತ್ತೇನೆ. ಮೊದಲ ಎರಡು ವಾರ ಕೈಬಿಟ್ಟರೆ ಯಂತ್ರ ಅಟ್ಟ ಸೇರುತ್ತದೆ. ಐವತ್ತು ಸಾವಿರದ ಆಸುಪಾಸಿನ ವಸ್ತು ಅದು. ಹಾಗಾಗಿ ಮೊದಲು ಒಂದು ತಿಂಗಳು ಬಾಡಿಗೆಗೆ ತೆಗೆದುಕೊಳ್ಳಿ ಎನ್ನುತ್ತೇನೆ.

ಮೂರು ತಿಂಗಳ ನಂತರ ಅವರ ಬಿಪಿ 138 ಬಂತು. ಬೆಳಗಿನ ತಲೆನೋವು ಹೋಗಿತ್ತು. ರಾತ್ರಿ ಏಳುವುದು ಒಂದು ಸಲಕ್ಕೆ ಇಳಿದಿತ್ತು. ಒಂದು ಮಾತ್ರೆಯ ಡೋಸ್ ಕಡಿಮೆ ಮಾಡಿದೆ. ಪೂರ್ತಿ ನಿಲ್ಲಿಸಲಿಲ್ಲ.

ಎಲ್ಲರಿಗೂ ಇಷ್ಟು ಇಳಿಯುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ಸಿಪ್ಯಾಪ್‌ನಿಂದ ಬಿಪಿ ಸರಾಸರಿ ಎರಡು ಮೂರು ಅಂಕಿಯಷ್ಟೇ ಇಳಿಯುತ್ತದೆ. ಮೂರು ಮಾತ್ರೆಗೂ ಬಗ್ಗದ ಬಿಪಿ ಇರುವವರಿಗೆ, ದಿನಾ ಬಿಡದೆ ಹಾಕಿಕೊಳ್ಳುವವರಿಗೆ ಲಾಭ ಹೆಚ್ಚು. 2016ರಲ್ಲಿ ಸೇವ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಆಗಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಜನರು ಅದರಲ್ಲಿದ್ದರು. ಸಿಪ್ಯಾಪ್ ಕೊಟ್ಟವರಲ್ಲಿ ಹೃದಯಾಘಾತ, ಸ್ಟ್ರೋಕ್ ಕಡಿಮೆಯಾಗಲಿಲ್ಲ. ಅವರು ರಾತ್ರಿಗೆ ಸರಾಸರಿ 3.3 ಗಂಟೆಯಷ್ಟೇ ಯಂತ್ರ ಬಳಸಿದ್ದರು, ತೀರಾ ತೂಕಡಿಕೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ ಎನ್ನುವುದೂ ನಿಜ. ಆದರೂ ಈ ಫಲಿತಾಂಶವನ್ನು ನಾನು ರೋಗಿಗಳಿಂದ ಮುಚ್ಚಿಡುವುದಿಲ್ಲ. "ಇದು ಹಾರ್ಟ್ ಅಟ್ಯಾಕ್ ತಡೆಯುತ್ತೆ ಅಂತ ಮಾತು ಕೊಡಲಾರೆ. ನಿಮ್ಮ ನಿದ್ದೆ, ಹಗಲಿನ ಚುರುಕು, ಬಿಪಿ ಸುಧಾರಿಸುತ್ತೆ. ಬಿಪಿ ಮಾತ್ರೆ ಬಿಡಬೇಡಿ" ಎಂದು ಹೇಳುತ್ತೇನೆ. ಯಂತ್ರ ಬಂತು ಎಂದು ಮಾತ್ರೆ ಬಿಟ್ಟವರೂ ಇದ್ದಾರೆ. ಅದು ತುಂಬ ಅಪಾಯ.

ಈಗ ನನ್ನ ಮೇಜಿನ ಡ್ರಾಯರಿನಲ್ಲಿ ಟೈಲರ್ ಟೇಪ್ ಇದೆ. ಬಿಪಿ ನೋಡಿದ ಮೇಲೆ ಕತ್ತಿನ ಸುತ್ತಳತೆ ನೋಡುತ್ತೇನೆ. 40 ಸೆಂಟಿಮೀಟರ್ ದಾಟಿದರೆ ಗಮನ ಹೆಚ್ಚು ಕೊಡುತ್ತೇನೆ. ಆಪ್ನಿಯಾ ಇರಬಹುದೇ ಎಂದು ಅಂದಾಜಿಸಲು ಟೊರೊಂಟೊದ ವೈದ್ಯರು ಮಾಡಿದ ಎಂಟು ಪ್ರಶ್ನೆಗಳ ಸ್ಟಾಪ್-ಬ್ಯಾಂಗ್ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ಅಭ್ಯಾಸ. ಗೊರಕೆಯ ಪ್ರಶ್ನೆಯನ್ನು ರೋಗಿಗೆ ಕೇಳುವುದಿಲ್ಲ, ಪಕ್ಕದಲ್ಲಿ ಮಲಗುವವರಿಗೆ ಕೇಳುತ್ತೇನೆ. ಅವರು ಬಂದಿರದಿದ್ದರೆ ಅಲ್ಲೇ ಫೋನ್ ಹಚ್ಚಿಸುತ್ತೇನೆ. "ಗೊರಕೆ ಇದೆಯಾ" ಎಂದರೆ ನಕ್ಕು ಸುಮ್ಮನಾಗುತ್ತಾರೆ. "ನಡುವೆ ಉಸಿರು ನಿಂತು ನಿಮಗೆ ಭಯ ಆಗಿದ್ದು ಇದೆಯಾ" ಎಂದರೆ ಉತ್ತರ ಬರುತ್ತದೆ. ಮಲಗಿದ್ದಾಗ ಐದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನಿ ಎನ್ನುತ್ತೇನೆ. ಗಂಡನಿಗೆ ಅದನ್ನು ತೋರಿಸಿದ ಮೇಲೆ ವಾದವೇ ಇರುವುದಿಲ್ಲ.

ಆಪ್ನಿಯಾ ದಪ್ಪ ಇರುವವರಿಗೆ ಮಾತ್ರ ಬರುತ್ತೆ ಎಂದುಕೊಂಡಿದ್ದೆ. ಅದನ್ನು ಸರಿ ಮಾಡಿದವರು ಒಬ್ಬ ನಿವೃತ್ತ ಟೀಚರ್. 61 ವರ್ಷ, ಸಣಕಲು ಮೈ, ಹಿಂದಕ್ಕೆ ಸರಿದ ಚಿಕ್ಕ ಗಲ್ಲ. ನಾಡಿ ಅಡ್ಡಾದಿಡ್ಡಿ ಹೊಡೆಯುತ್ತಿತ್ತು, ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು. ಹೃದ್ರೋಗ ತಜ್ಞರು ಶಾಕ್ ಕೊಟ್ಟು ಸರಿ ಮಾಡಿದ್ದರು, ನಾಲ್ಕೇ ತಿಂಗಳಿಗೆ ಮರಳಿತ್ತು. ಆಕೆ ಗೊರಕೆಯ ಮಾತೇ ಎತ್ತಲಿಲ್ಲ. "ನಿದ್ದೇನೇ ಬರಲ್ಲ, ಮೈಯೆಲ್ಲ ಸುಸ್ತು" ಎನ್ನುತ್ತಿದ್ದರು. ಅದಕ್ಕೆ ಎಲ್ಲೋ ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಗಂಟಲನ್ನು ಇನ್ನಷ್ಟು ಸಡಿಲ ಮಾಡುವ ಬಗೆಯದು. ಗಂಡ ತೀರಿಹೋಗಿದ್ದರು, ಒಬ್ಬರೇ ಮಲಗುತ್ತಿದ್ದರು. ರಾತ್ರಿ ಏನಾಗುತ್ತೆ ಎಂದು ನೋಡುವವರೇ ಇರಲಿಲ್ಲ. ಸೊಸೆ ಎರಡು ರಾತ್ರಿ ಜೊತೆಗೆ ಮಲಗಿ ವಿಡಿಯೊ ಮಾಡಿಕೊಂಡು ಬಂದಳು. ಪರೀಕ್ಷೆಯಲ್ಲಿ 28. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದರ ಅಪಾಯ ಏರುತ್ತದೆ. ಗೊರಕೆಗಿಂತ ಸುಸ್ತು, ನಿದ್ದೆಗೇಡಿನ ರೂಪದಲ್ಲೇ ಅವರು ಬಂದು ಹೇಳುತ್ತಾರೆ. ಶಾಕ್ ಕೊಟ್ಟ ಮೇಲೆ, ಆಪ್ನಿಯಾಗೆ ಚಿಕಿತ್ಸೆ ಪಡೆಯದವರಲ್ಲಿ ಒಂದು ವರ್ಷದೊಳಗೆ ಶೇಕಡಾ 82 ಜನರಿಗೆ, ಪಡೆದವರಲ್ಲಿ ಶೇಕಡಾ 42 ಜನರಿಗೆ ಏಟ್ರಿಯಲ್ ಫಿಬ್ರಿಲೇಶನ್ ಮರಳಿತು ಎಂದು 2003ರ ಒಂದು ಚಿಕ್ಕ ಅಧ್ಯಯನ ಹೇಳಿತ್ತು. ಚಿಕ್ಕದು, ಹಾಗಾಗಿ ಅದರ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಆದರೆ ಟೀಚರ್ ಅವರಿಗೆ ಎರಡನೇ ಶಾಕ್ ಮುಂಚೆ ಸಿಪ್ಯಾಪ್ ಶುರು ಮಾಡಿಸಿದೆವು. ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿದಿದೆ.

ಹೃದಯ ಸೋತವರ, ಅಂದರೆ ಹಾರ್ಟ್ ಫೇಲ್ಯೂರ್ ಇರುವವರ ವಿಷಯದಲ್ಲಿ ನಾನು ಸ್ವಂತವಾಗಿ ಏನೂ ಮಾಡುವುದಿಲ್ಲ. ಅವರಲ್ಲಿ ಗಂಟಲು ಮುಚ್ಚದೆಯೂ, ಮೆದುಳಿನ ಸೂಚನೆಯೇ ನಿಂತು ಉಸಿರು ತಪ್ಪಬಹುದು. ಅದಕ್ಕೆಂದು ಬಳಸಿದ ಇನ್ನೊಂದು ಬಗೆಯ ಯಂತ್ರದಿಂದ, ಹೃದಯ ತುಂಬಾ ದುರ್ಬಲ ಇದ್ದವರಲ್ಲಿ ಸಾವು ಹೆಚ್ಚಾದದ್ದು 2015ರ ಅಧ್ಯಯನದಲ್ಲಿ ಗೊತ್ತಾಯಿತು. ಹೀಗಾಗಿ ಅವರನ್ನು ಪೂರ್ತಿ ಲ್ಯಾಬ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸುತ್ತೇನೆ.

ತೂಕ, ಕುಡಿತ, ಥೈರಾಯ್ಡ್ ಈ ಮೂರನ್ನು ಎಲ್ಲರಲ್ಲೂ ನೋಡುತ್ತೇನೆ. ತೂಕ ಶೇಕಡಾ 10 ಇಳಿದರೆ ಉಸಿರು ನಿಲ್ಲುವುದು ಕಾಲು ಭಾಗದಷ್ಟು ಇಳಿಯುತ್ತದೆ ಎನ್ನುತ್ತದೆ ವಿಸ್ಕಾನ್ಸಿನ್ ಲೆಕ್ಕ. ಅಂಗಾತ ಮಲಗಿದಾಗ ಮಾತ್ರ ಜಾಸ್ತಿ ಆಗುವವರಿಗೆ, ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಡಿಸಿದ್ದೂ ಇದೆ.

ಸದ್ಯ ನನಗೆ ಚಿಂತೆ ಇರುವುದು ಒಬ್ಬ ಲಾರಿ ಚಾಲಕನ ಬಗ್ಗೆ. 38 ವರ್ಷ, ಕತ್ತು 44 ಸೆಂಟಿಮೀಟರ್, ಬಿಪಿ 170. ಕೊಬ್ಬರಿ ಲೋಡ್ ಹೊತ್ತು ಉತ್ತರದ ಕಡೆ ಹೋಗುತ್ತಾನೆ. "ಅಣ್ಣ ಟೋಲ್ ಕ್ಯೂನಲ್ಲೇ ಗೊರಕೆ ಹೊಡೀತಾನೆ ಸಾರ್" ಎಂದು ಕ್ಲೀನರ್ ಹುಡುಗ ಹೇಳಿದ. ಪರೀಕ್ಷೆ ಆಗುವವರೆಗೆ ಗಾಡಿ ಹತ್ತಬೇಡ ಎಂದೆ. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತೆ ಎಂದು ಎರಡು ಸಲ ತಪ್ಪಿಸಿಕೊಂಡ. ನಿನ್ನೆ ಸಂಜೆ ಅವನ ಹೆಂಡತಿ ಒಬ್ಬಳೇ ಬಂದಳು. ಕಿಟ್ ಕಟ್ಟುವುದು ಹೇಗೆ ಎಂದು ನನ್ನ ಕೈಯಿಂದ ಎರಡು ಸಲ ಹೇಳಿಸಿಕೊಂಡು, ಬ್ಯಾಗಿನಲ್ಲಿ ಇಟ್ಟುಕೊಂಡು ಹೋದಳು. ಇವತ್ತು ಅವನಿಗೆ ಲೋಡ್ ಇಲ್ಲವಂತೆ, ಮನೆಯಲ್ಲೇ ಮಲಗುತ್ತಾನಂತೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ವಾಪಸ್ ತರುತ್ತೇನೆ ಎಂದಿದ್ದಾಳೆ.