ಕಲಬುರಗಿ ಬಿಸಿಲಿಗೂ ಜಗ್ಗದ ಡ್ಯಾಶ್ ಕ್ಯಾಮ್: ನನ್ನ ಅನುಭವ

ಎರಡು ಬೇಸಿಗೆ ದಾಟಲಿ, ಆಮೇಲೆ ಬರೆದರಾಯಿತು ಅಂತ ಕಾದೆ. ಒಂದೇ ಬೇಸಿಗೆ ನೋಡಿ ಬರೆದಿದ್ದರೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನನ್ನ ಹತ್ತಿರ ಮೂರು ಹಳದಿ ಬೋರ್ಡ್ ಗಾಡಿ ಇವೆ. ಒಂದನ್ನು ನಾನೇ ಓಡಿಸುತ್ತೇನೆ, ಇನ್ನೆರಡಕ್ಕೆ ಡ್ರೈವರ್ ಇದ್ದಾರೆ. ಹೈದರಾಬಾದ್, ಸೊಲ್ಲಾಪುರ, ಗಾಣಗಾಪುರ, ಹೀಗೆ ಓಡಾಟ. ಮೂರಕ್ಕೂ ಈಗ ಒಂದೇ ಮಾಡೆಲಿನ ಡ್ಯಾಶ್ ಕ್ಯಾಮ್, ಅಂದರೆ ಗಾಜಿಗೆ ಅಂಟಿಸಿ ರಸ್ತೆಯ ವಿಡಿಯೊ ತೆಗೆಯುವ ಕ್ಯಾಮೆರಾ ಇದೆ. ಬ್ಯಾಟರಿ ಇಲ್ಲದ್ದು, 2ಕೆ (ವಿಡಿಯೊ ಎಷ್ಟು ಸ್ಪಷ್ಟ ಅನ್ನುವ ಅಳತೆ, 4ಕೆ ಅದಕ್ಕಿಂತ ಹೆಚ್ಚು), ಮುಂದೆ ಮಾತ್ರ. "4ಕೆ ಬಿಟ್ಟು ಇದನ್ಯಾಕ ತಗೊಂಡ್ರಿ ಸಾಹೇಬ್ರ?" ಅಂತ ನಕ್ಕವರಲ್ಲಿ ಇಬ್ಬರು ಹೋದ ತಿಂಗಳು ನನ್ನ ಕೈಯಲ್ಲೇ ವೈರಿಂಗ್ ಮಾಡಿಸಿಕೊಂಡು ಹೋದರು. ಚಹಾ ಕೂಡ ಅವರದ್ದೇ.

ಕ್ಯಾಮೆರಾ ಆರಿಸುವಾಗ ನಾನು ಮೊದಲು ನೋಡುವುದು ಒಳಗಿರುವುದು ಬಿಸಿಗೆ ಉಬ್ಬುವ ಲಿಥಿಯಂ ಬ್ಯಾಟರಿಯೋ, ಬಿಸಿ ತಾಳಿಕೊಂಡು ಸ್ವಲ್ಪ ಹೊತ್ತಿನ ಕರೆಂಟ್ ಹಿಡಿದಿಡುವ ಸೂಪರ್ ಕೆಪಾಸಿಟರೋ ಅಂತ. ಬಾಕಿ ಎಲ್ಲ ಆಮೇಲೆ. ಮಲೆನಾಡಿನವರಿಗೆ ಇದು ಅಷ್ಟು ಮುಖ್ಯ ಅನ್ನಿಸದೇ ಇರಬಹುದು. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ತಿರುಗಿ ಕೂಡ ನೋಡುವುದಿಲ್ಲ. ಫ್ರಿಜ್ ರಿಪೇರಿಯವರು ಬಳಸುವ, ವೈರಿನ ತುದಿಗೆ ಪ್ರೋಬ್ ಇರುವ ಸಣ್ಣ ಥರ್ಮಾಮೀಟರ್ ತಂದು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನೋಡಿದೆ. ಅದರ ಮಿತಿ 70 ಡಿಗ್ರಿ. ಮಧ್ಯಾಹ್ನ ಎರಡರ ಹೊತ್ತಿಗೆ ಅಂಕಿ ಹೋಗಿ ಬರೀ ಎಚ್‌ಎಚ್ ಬಂತು, ಅಂದರೆ ಮಿತಿ ದಾಟಿತು. ಅದೇ ಪ್ರೋಬನ್ನು ಮೇಲೆ ಕನ್ನಡಿಯ ಹಿಂದೆ ಗಾಜಿಗೆ ಅಂಟಿಸಿದರೆ 60ರ ಆಸುಪಾಸು. ಡ್ಯಾಶ್‌ಬೋರ್ಡ್ ಮೇಲೆ ಕ್ಯಾಮೆರಾ ಇಡಬೇಡಿ ಅಂತ ಹೇಳಲು ಇದಕ್ಕಿಂತ ಬೇರೆ ಕಾರಣ ಬೇಕಾ?

ಮೊದಲ ಕ್ಯಾಮೆರಾ 2,200 ರೂಪಾಯಿಯದು. ಏಪ್ರಿಲ್ ಮುಗಿಯುವಷ್ಟರಲ್ಲಿ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ತಾನಾಗಿ ಬಿಚ್ಚಿಕೊಂಡಿತ್ತು. ಎರಡನೆಯದು 4ಕೆ, ಹತ್ತಿರ ಹತ್ತಿರ 13 ಸಾವಿರ. ಡಬ್ಬಿಯ ಮೇಲೆ 4ಕೆ, ಒಳಗಿನ ಸೆನ್ಸರ್ ಮಾತ್ರ 2 ಮೆಗಾಪಿಕ್ಸೆಲ್. ಇರುವ ಚಿತ್ರವನ್ನೇ ಎಳೆದು ದೊಡ್ಡದು ಮಾಡಿ ಕಾರ್ಡಿಗೆ ತುಂಬುತ್ತಿತ್ತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಸಿಯಾಗಿ ತಾನೇ ಆಫ್. ಅಂಗಡಿಯವನನ್ನು ಕೇಳಿದರೆ ಬಿಸಿಲಿನಿಂದ ಆದದ್ದಕ್ಕೆ ವಾರಂಟಿ ಇಲ್ಲ ಅಂದ. ಮೂರನೆಯದು ಒಳ್ಳೆಯ ಕಂಪನಿಯದೇ, ಚಿತ್ರವೂ ಚೆನ್ನಾಗಿತ್ತು, ಆದರೆ ಬ್ಯಾಟರಿಯದು. ಒಂದು ಬೇಸಿಗೆ ಕಳೆದ ಮೇಲೆ ಇಗ್ನಿಷನ್ ಆಫ್ ಮಾಡಿದ ಕೂಡಲೇ ಸಾಯುತ್ತಿತ್ತು, ಕೊನೆಯ ಫೈಲ್ ಕೆಟ್ಟು ಹೋಗುತ್ತಿತ್ತು. ಅಪಘಾತದಲ್ಲಿ ನಮಗೆ ಬೇಕಾದದ್ದು ಆ ಕೊನೆಯ ಫೈಲೇ ಅಲ್ವಾ. ಕಾರ್ಡ್, ಮೌಂಟ್ ಎಲ್ಲ ಸೇರಿ ಪ್ರಯೋಗಕ್ಕೇ 25 ಸಾವಿರ ಹೋಗಿರಬೇಕು. ಮನೆಯಲ್ಲಿ ನಾನು ಹೇಳಿದ ಲೆಕ್ಕ ಇದಕ್ಕಿಂತ ಕಡಿಮೆ.

ಕೆಪಾಸಿಟರ್ ಕ್ಯಾಮೆರಾ ಕರೆಂಟ್ ಹೋದ ಮೇಲೆ ಕೆಲವೇ ಸೆಕೆಂಡು ಬದುಕಿರುತ್ತದೆ. ಕೊನೆಯ ಫೈಲ್ ಮುಚ್ಚಲು ಅಷ್ಟು ಸಾಕು. ತೊಂದರೆ ಇರುವುದು ಗಡಿಯಾರದಲ್ಲಿ. ಗಾಡಿ ಹತ್ತು ದಿನ ನಿಂತರೆ ಕೆಲವು ಮಾಡೆಲ್‌ಗಳಲ್ಲಿ ತಾರೀಖು ಹಿಂದಕ್ಕೆ ಓಡಿಹೋಗುತ್ತದೆ. ತಾರೀಖು ತಪ್ಪಿದ ವಿಡಿಯೊ ಇದ್ದರೂ ಅಷ್ಟಕ್ಕಷ್ಟೇ. ಅದಕ್ಕೇ ಜಿಪಿಎಸ್ ಮೌಂಟ್ ಇರುವುದನ್ನೇ ತೆಗೆದುಕೊಂಡೆ, ಸಮಯ ತಾನೇ ಸರಿಯಾಗುತ್ತದೆ. ಕೊಳ್ಳುವ ಮೊದಲು ಮೆನುವಿನಲ್ಲಿ ನಮ್ಮ ದೇಶದ 5:30ರ ಟೈಮ್ ಝೋನ್ ಇದೆಯಾ ನೋಡಿ. ನಾನು ನೋಡಿದ ಒಂದರಲ್ಲಿ ಪೂರ್ತಿ ಗಂಟೆಗಳು ಮಾತ್ರ ಇದ್ದವು, ಅರ್ಧ ಗಂಟೆ ಯಾವಾಗಲೂ ತಪ್ಪು. ಜಿಪಿಎಸ್ ಇದ್ದರೆ ವಿಡಿಯೊದ ಮೇಲೆ ಸ್ಪೀಡ್ ಕೂಡ ಬರುತ್ತದೆ. ಅದು ನಮಗೇ ತಿರುಗಿ ಬೀಳುತ್ತದೆ ಅಂತ ಹೆದರಿ ಹಲವರು ಆಫ್ ಮಾಡುತ್ತಾರೆ. ನಮ್ಮ ಗಾಡಿಗೆ ಹೇಗೂ 80 ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇದೆ, ನಾನು ಆನ್ ಇಟ್ಟಿದ್ದೇನೆ.

ಇನ್ನು ಕಾರ್ಡ್. 2ಕೆಯಲ್ಲಿ ಗಂಟೆಗೆ ಸುಮಾರು 9 ಜಿಬಿ ತಿನ್ನುತ್ತದೆ. 64 ಜಿಬಿ ಹಾಕಿದರೆ ಆರೂವರೆ ಗಂಟೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಹೈದರಾಬಾದಿಗೆ ಹೋಗಿ ಬರುವುದು ಒಂಬತ್ತು ಹತ್ತು ಗಂಟೆಯ ಕೆಲಸ. ಬೆಳಿಗ್ಗೆ ಜಹೀರಾಬಾದ್ ಹತ್ತಿರ ಆದದ್ದು ಸಂಜೆ ಮನೆಗೆ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ. 128 ಬೇಕೇ ಬೇಕು, ಅದೂ ಸತತ ರೆಕಾರ್ಡಿಂಗಿಗೆಂದೇ ಮಾಡಿದ ಎಂಡ್ಯೂರೆನ್ಸ್ ಕಾರ್ಡ್. ಮೊಬೈಲಿಗೆ ಹಾಕುವ ಕಾರ್ಡ್ ಹಾಕಿದರೆ ಬಿಸಿಗೂ ಹಗಲಿಡೀ ಬರೆಯುವುದಕ್ಕೂ ಕೆಲವೇ ತಿಂಗಳಲ್ಲಿ ಕೈ ಕೊಡುತ್ತದೆ, ಕೊಟ್ಟಿದೆ ಕೂಡ. ನಾನು ತೆಗೆದುಕೊಂಡಾಗ ಕ್ಯಾಮೆರಾ ಸುಮಾರು 7,500, ಕಾರ್ಡ್ 1,800 ಇತ್ತು. ಕ್ಯಾಮೆರಾ ಬೆಲೆಯ ಕಾಲು ಭಾಗದಷ್ಟು ಕಾರ್ಡಿಗೇ ಹೋಯಿತು, ಅದರಲ್ಲಿ ಉಳಿಸಲು ಹೋಗಬೇಡಿ. ತಂದ ದಿನವೇ ಕಂಪ್ಯೂಟರಿನಲ್ಲಿ ಕಾರ್ಡ್ ಪರೀಕ್ಷಿಸುವ ಸಾಫ್ಟ್‌ವೇರ್ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ ಅಸಲಿಯಾ ನಕಲಿಯಾ ನೋಡಿಕೊಳ್ಳಿ.

ಗುದ್ದು ಬಿದ್ದಾಗ ಫೈಲ್ ಅಳಿಸದಂತೆ ಲಾಕ್ ಮಾಡುವ ಜಿ-ಸೆನ್ಸರ್ ಲೋ ಇಡಿ, ಅಥವಾ ಆಫ್. ನಮ್ಮ ಕಡೆ ರಸ್ತೆಗೆ ಮೀಡಿಯಂ ಇಟ್ಟರೆ ಪ್ರತಿ ಗುಂಡಿಯೂ ಅಪಘಾತವೇ. ಫೈಲ್ ಲಾಕ್ ಆಗುತ್ತಾ ಹೋಗಿ ಕಾರ್ಡ್ ತುಂಬಿ ನಿಲ್ಲುತ್ತದೆ.

ರಾತ್ರಿ ನಂಬರ್ ಪ್ಲೇಟ್ ಓದಿಸುವುದೇ ನಿಜವಾದ ಪರೀಕ್ಷೆ. ಈಗ ಬಹಳಷ್ಟು ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ. ಹೆಡ್‌ಲೈಟ್ ಬಿದ್ದರೆ ಆ ಪ್ಲೇಟ್ ಹೊಳೆದು ಬಿಳಿ ಚೌಕ ಮಾತ್ರ ಕಾಣುತ್ತದೆ. ಚಿತ್ರ ಬೆಳ್ಳಗೆ ಬರಲಿ ಅಂತ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು, ಅಂದರೆ ಎಕ್ಸ್‌ಪೋಷರ್ ಏರಿಸುವವರು ಜಾಸ್ತಿ. ನಾನು ಇಳಿಸಿದೆ. ಹಗಲಿಗೆ ಸೊನ್ನೆ, ರಾತ್ರಿ ಮೈನಸ್ 0.7. ರಸ್ತೆ ಸ್ವಲ್ಪ ಕಪ್ಪಾಗುತ್ತದೆ, ನೋಡಲು ಚಂದ ಇರುವುದಿಲ್ಲ, ಆದರೆ ಅಂಕಿ ಕಾಣುತ್ತವೆ. ಗಾಜಿನ ಪ್ರತಿಫಲನ ತಪ್ಪಿಸುವ ಸಿಪಿಎಲ್ ಫಿಲ್ಟರ್ ಹಗಲಿಗೆ ಒಳ್ಳೆಯದು, ರಾತ್ರಿ ಅದೇ ಬೆಳಕು ಕುಡಿದುಬಿಡುತ್ತದೆ. ಅದನ್ನು ತೆಗೆಯದೇ ಎರಡೂ ಹೊತ್ತು ನಡೆಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಷ್ಟೆಲ್ಲ ಮಾಡಿದರೂ ಎದುರಿನಿಂದ ಜೋರಾಗಿ ಬರುವ ಗಾಡಿಯ ನಂಬರ್ ರಾತ್ರಿ ಸಿಗುವುದಿಲ್ಲ. ಯಾವ 4ಕೆಯಲ್ಲೂ ಸಿಗುವುದಿಲ್ಲ, ಶಟರ್ ಅಷ್ಟು ನಿಧಾನ. ಕಬ್ಬಿನ ಟ್ರ್ಯಾಕ್ಟರ್ ಟ್ರೈಲರ್ ಬಗ್ಗೆ ಕೇಳಲೇಬೇಡಿ, ಎಷ್ಟೋ ಕಡೆ ಅವಕ್ಕೆ ಹಿಂದಿನ ದೀಪವೇ ಇಲ್ಲ, ಇನ್ನು ಪ್ಲೇಟ್ ಎಲ್ಲಿಂದ ಬರಬೇಕು? ಡ್ರೈವರ್‌ಗಳಿಗೆ ಒಂದು ಅಭ್ಯಾಸ ಮಾಡಿಸಿದ್ದೇನೆ. ಗಿರಾಕಿ ಇರುವಾಗ ಮೈಕ್ ಆಫ್. ಏನಾದರೂ ಆದರೆ ಮೈಕ್ ಬಟನ್ ಒತ್ತಿ ಕಂಡ ನಂಬರನ್ನು ಜೋರಾಗಿ ಓದಬೇಕು. ಕಣ್ಣಿಗೆ ಕಂಡದ್ದು ಕ್ಯಾಮೆರಾಗೆ ಕಾಣದಿದ್ದರೂ ಕಾರ್ಡಿನಲ್ಲಿ ದನಿ ಇರುತ್ತದೆ.

ಪಾರ್ಕಿಂಗ್ ಮೋಡಿಗೆ, ಅಂದರೆ ಗಾಡಿ ನಿಲ್ಲಿಸಿದಾಗಲೂ ಕ್ಯಾಮೆರಾ ನಡೆಸುವುದಕ್ಕೆ, ಎಲ್ಲರೂ ಹೆದರಿಸಿದ್ದು ಗಾಡಿಯ ಬ್ಯಾಟರಿ ಹೆಸರಿನಲ್ಲಿ. "ಮಾಲಕರ, ಮುಂಜಾನೆ ಗಾಡಿ ನೂಕೂದು ಗ್ಯಾರಂಟಿ" ಅಂತ ನನ್ನ ಡ್ರೈವರ್ರೇ ಅಂದ. ಮೀಟರ್ ಹಾಕಿ ನೋಡಿದೆ, 0.25ರಿಂದ 0.3 ಆಂಪಿಯರ್. ಹತ್ತು ಗಂಟೆಗೆ 3 ಆಂಪಿಯರ್-ಅವರ್. ನಮ್ಮ ಬ್ಯಾಟರಿ 35ರದು, ಒಂದು ರಾತ್ರಿಗೆ ಅದೇನು ಲೆಕ್ಕ? ಅಪಾಯ ಇರುವುದು ಕಟ್-ಆಫ್‌ನಲ್ಲಿ, ಅಂದರೆ ಬ್ಯಾಟರಿ ಎಷ್ಟಕ್ಕೆ ಇಳಿದಾಗ ಕ್ಯಾಮೆರಾ ನಿಲ್ಲಬೇಕು ಅನ್ನುವುದರಲ್ಲಿ. ಹಾರ್ಡ್‌ವೈರ್ ಕಿಟ್ (ಕ್ಯಾಮೆರಾವನ್ನು ಗಾಡಿಯ ಬ್ಯಾಟರಿಗೆ ಜೋಡಿಸುವ ವೈರ್ ಸೆಟ್) ನನಗೆ ಬಂದಾಗ ಅದು 11.8 ವೋಲ್ಟಿಗೆ ಇತ್ತು. ಅಷ್ಟು ಹೊತ್ತಿಗೆ ಬ್ಯಾಟರಿ ಬಹುಪಾಲು ಖಾಲಿ. ನಿಂತ ಗಾಡಿಯಲ್ಲಿ 12.2 ಅಂದರೆ ಸುಮಾರು ಅರ್ಧ. ಹೊಸ ಬ್ಯಾಟರಿಗೆ 12.2, ಹಳೆಯದಕ್ಕೆ 12.4 ಇಟ್ಟೆ. ಈವರೆಗೆ ಒಂದು ಗಾಡಿಯನ್ನೂ ನೂಕಿಲ್ಲ. ವೈರ್ ಎಳೆಯುವಾಗ ಗಾಜಿನ ಪಕ್ಕದ ಕಂಬದ ಕರ್ಟನ್ ಏರ್‌ಬ್ಯಾಗಿನ ಹಿಂದಿನಿಂದ ಎಳೆಯಿರಿ, ಮುಂದಿನಿಂದ ಬೇಡ. ಫ್ಯೂಸ್ ಟ್ಯಾಪ್, ಟರ್ಮಿನಲ್ ಇಂಥ ವೈರಿಂಗ್ ಸಾಮಾನೆಲ್ಲ ಹೈದರಾಬಾದಿನ ಕೋಠಿಯಲ್ಲಿ, ಗುಜರಾತಿ ಗಲ್ಲಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೇಗೂ ಟ್ರಿಪ್ ಇರುತ್ತದಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನಿಲ್ಲಿಸಿದಾಗ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿದರೆ ಕ್ಯಾಮೆರಾ ತಂಪಾಗಿರುತ್ತದೆ ಅಂತ ಲೆಕ್ಕ ಹಾಕಿದ್ದೆ. ಆದದ್ದು ಉಲ್ಟಾ. ಸೀಟು ತಂಪು, ಕ್ಯಾಮೆರಾ ಗಾಜಿಗೂ ಶೇಡಿಗೂ ನಡುವೆ ಸಿಕ್ಕಿ ಬಾಣಲೆಗೆ ಬಿದ್ದ ಮಿರ್ಚಿಯಂತಾಯಿತು. ಈಗ ಶೇಡಿನಲ್ಲಿ ಕ್ಯಾಮೆರಾ ಇರುವಷ್ಟು ಜಾಗ ಕತ್ತರಿಸಿದ್ದೇನೆ. ಕ್ಯಾಮೆರಾದ ಗಾಜಿಗೆ ಮುಖ ಮಾಡಿದ ಬದಿಗೆ ಬಿಳಿ ಟೇಪ್ ಅಂಟಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಪವರ್ ಬ್ಯಾಂಕ್ ಇಟ್ಟು ಓಡಿಸುವವರನ್ನೂ ನೋಡಿದ್ದೇನೆ. ಒಳಗಿನ ಲಿಥಿಯಂ ಬೇಡ ಅಂತ ಹೊರಗೆ ಇನ್ನೂ ದೊಡ್ಡ ಲಿಥಿಯಂ ಇಟ್ಟಹಾಗೆ ಅದು.

ವಾಡಿ, ಸೇಡಂ ಕಡೆ ಹೋಗುವವರು ಗಮನಿಸಿ. ಸಿಮೆಂಟಿನ ಧೂಳು ಗಾಜಿನ ಮೇಲೆ ಕೂತರೆ 2ಕೆ, 4ಕೆ ಎಲ್ಲ ಒಂದೇ. ವೈಪರ್ ಒರೆಸುವ ಜಾಗದೊಳಗೇ ಕ್ಯಾಮೆರಾ ಬರಬೇಕು.

ಇನ್ನು ಇದೆಲ್ಲ ಫಲ ಕೊಟ್ಟದ್ದು. ಹುಮನಾಬಾದ್ ಹತ್ತಿರ ರಾತ್ರಿ ಒಂದು ದೊಡ್ಡ ಗಾಡಿ ನಮ್ಮನ್ನು ಓವರ್‌ಟೇಕ್ ಮಾಡಿ, ಇಂಡಿಕೇಟರ್ ಹಾಕದೇ ಢಾಬಾ ಕಡೆ ಎಡಕ್ಕೆ ಹೊರಳಿತು. ನಮ್ಮ ಬಂಪರ್, ಎಡಗಡೆ ಹೆಡ್‌ಲೈಟ್ ಹೋದವು. ಅವರು ನಿಲ್ಲಿಸಲಿಲ್ಲ. ಆಮೇಲೆ ನಂಬರ್ ಹಿಡಿದು ಪತ್ತೆ ಮಾಡಿದಾಗ, ನಮ್ಮ ಡ್ರೈವರ್ರೇ ಹಿಂದಿನಿಂದ ಗುದ್ದಿದ ಅಂದರು. ವಿಡಿಯೊದಲ್ಲಿ ಪ್ಲೇಟ್ ಪೂರ್ತಿ ಓದಲು ಬರುತ್ತಿತ್ತು, ನಮ್ಮ ಸ್ಪೀಡ್ 58, ಸಮಯ ಸರಿ. ಠಾಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಿದ ಮೇಲೆ ಅವರ ಕಡೆಯವರ ಮಾತು ನಿಂತಿತು. 23 ಸಾವಿರದ ಹತ್ತಿರ ಖರ್ಚು ಅವರೇ ಕೊಟ್ಟರು. ಇನ್ಶೂರೆನ್ಸಿನಲ್ಲಿ ನಮ್ಮ ನೋ ಕ್ಲೇಮ್ ಬೋನಸ್ ಕೂಡ ಉಳಿಯಿತು. ಒಂದು ಗಾಡಿಗೆ ಕ್ಯಾಮೆರಾ, ಕಾರ್ಡ್, ಕಿಟ್ ಸೇರಿ ಹತ್ತೂವರೆ ಸಾವಿರ ಆಗಿತ್ತು. ಲೆಕ್ಕ ನೀವೇ ಹಾಕಿಕೊಳ್ಳಿ.

ಅಂಥ ಹೊತ್ತಿನಲ್ಲಿ ಮೊದಲು ಕಾರ್ಡ್ ತೆಗೆದು ಜೇಬಿಗೆ ಹಾಕಿ, ಇನ್ನೊಂದು ಕಾರ್ಡ್ ಹಾಕಿ ಮುಂದಿನ ಕೆಲಸ ನೋಡಿ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಅಂಕಿ ಮಸುಕಾಗುತ್ತವೆ. ಕೋರ್ಟಿಗೆ ಹೋಗುವ ಮಾತು ಬಂದರೆ 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದು ನಮ್ಮದು, ಇನ್ನೊಂದು ತಜ್ಞರದು, ಫೈಲಿನ ಹ್ಯಾಶ್ ಅಂಕಿಯನ್ನೂ (ಫೈಲಿನ ಬೆರಳಚ್ಚು ಇದ್ದ ಹಾಗೆ) ಬರೆಯಬೇಕು. ವಕೀಲರಿಗೆ ಬಿಡಿ, ಆದರೆ ಮೂಲ ಫೈಲನ್ನು ಕತ್ತರಿಸಲು, ಹೆಸರು ಬದಲಿಸಲು ಹೋಗಬೇಡಿ.

ಹಿಂದಿನ ಕ್ಯಾಮೆರಾ ಇನ್ನೂ ಹಾಕಿಲ್ಲ. ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೆ ವೈರ್ ತೂರಿಸಬೇಕು, ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುವ ಡಿಕ್ಕಿಯಲ್ಲಿ ಅದು ಎಷ್ಟು ದಿನ ತಡೆಯುತ್ತದೆ ಅನ್ನುವುದೇ ಪ್ರಶ್ನೆ. ನನ್ನ ಗಾಡಿಯಲ್ಲಿ ಮೊದಲು ಹಾಕಿ ನೋಡುತ್ತೇನೆ. ಡ್ರೈವರ್‌ಗಳ ಗಾಡಿಗೆ ಮುಂದಿನ ಬೇಸಿಗೆ ಕಳೆದ ಮೇಲೆ.