ಕತ್ತಿ ಕೆಂಪಾದರೆ ಸುಣ್ಣ ಸಾಲದು

ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಮಡಿಕೇರಿಯಲ್ಲಿ ಪಿಯುಸಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ನಾವು ಕೈಯಾರೆ ಮಾಡಿದ್ದರಲ್ಲಿ ಎಷ್ಟೋ ಕೆಲಸ ಪರೀಕ್ಷೆಯ ಜೊತೆಗೇ ಮರೆತುಹೋಯಿತು. ಮೊದಲು ಮರೆತದ್ದು ಥರ್ಮಾಕೋಲಿನ ಮಡಿಕೇರಿ ಕೋಟೆ. ವಸ್ತುಪ್ರದರ್ಶನಕ್ಕೆಂದು ತಡರಾತ್ರಿವರೆಗೆ ಕೂತು ಅಂಟಿಸಿದ್ದೆವು, ಅಲ್ಲಿರುವ ಎರಡು ಗಾರೆ ಆನೆಗಳನ್ನೂ ಬಿಡದೆ. ಬಹುಮಾನವೂ ಬಂತು. ಕೋಟೆಯ ಬಗ್ಗೆ ಮಾತ್ರ ಹೊಸದೇನೂ ತಿಳಿಯಲಿಲ್ಲ. ಕೊನೆಗೆ ಅದು ಹೇಗೆ ಕಾಣಬೇಕು ಅನ್ನುವುದು ಫೋಟೋದಲ್ಲಿ ಮೊದಲೇ ಇತ್ತಲ್ಲ! ಏನಾಗುತ್ತದೋ ನೋಡೋಣ ಎಂದು ಕಾಯುವಂಥದ್ದು ಅದರಲ್ಲಿ ಏನಿತ್ತು?

ಕಾಯುವಂತೆ ಮಾಡಿದ್ದು ರಸಾಯನಶಾಸ್ತ್ರ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡುವ ಪ್ರಯೋಗ ಹತ್ತನೇ ತರಗತಿಯವರಿಗೆಲ್ಲ ಗೊತ್ತು. ನೀಲಿ ಮಾಸುತ್ತದೆ, ಮೊಳೆಗೆ ಕೆಂಗಂದು ಲೇಪ ಹತ್ತುತ್ತದೆ. ಟೀಚರ್ ಬೋರ್ಡಿನ ಮೇಲೆ ‘ಸ್ಥಾನಪಲ್ಲಟ ಕ್ರಿಯೆ’ ಎಂದು ಬರೆಯುವಾಗ ನನಗೆ ನೆನಪಾದದ್ದು ತೋಟದ ಡ್ರಮ್ಮು. ಅಪ್ಪ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್. ಮಳೆಗಾಲ ಹಿಡಿಯುವ ಮುಂಚೆ ಅಲ್ಲಿ ಮೆಣಸಿನ ಬಳ್ಳಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹೊಯ್ಯಬೇಕು. ಆಮೇಲೆ ಮೇಸ್ತ್ರಿ ಉಜ್ಜಿ ತೊಳೆದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾರೆ. ಅಲುಗು ಕೆಂಪಗಾಗಿದ್ದರೆ, “ಸುಣ್ಣ ಸಾಲ್ಲಿಲ್ಲ, ಇನ್ನೊಂಚೂರು ಹಾಕು.” ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಮೊಳೆಯೂ ಕತ್ತಿಯೂ ಒಂದೇ ಪಾಠ ಎಂದು ಟೀಚರಿಗೆ ಹೇಳಿದೆ. ಅವರು ಅಲ್ಲಿಗೇ ಬಿಡದೆ ತರಗತಿಯಲ್ಲೇ ಮಾಡಿಸಿದರು: ಪ್ಲಾಸ್ಟಿಕ್ ಬಕೆಟ್, ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಅಷ್ಟೇ ತೂಕದ ಸುಣ್ಣ. ಒಂದು ಗುಂಪಿನ ಮೊಳೆ ಬೆಳ್ಳಗೇ ಉಳಿಯಿತು, ಇನ್ನೊಂದು ಗುಂಪಿನದು ಕೆಂಪಾಯಿತು. ತೂಕ ಮಾತ್ರ ಒಂದೇ. ವಾದ ಶುರುವಾಯಿತು. ತಕ್ಕಡಿಯನ್ನು ಬೈದದ್ದೂ ಆಯಿತು. ವಿಚಾರಿಸಿದರೆ ಎರಡನೇ ಗುಂಪಿನವರು ತಂದದ್ದು ಹೋದ ವರ್ಷದಿಂದ ಬಾಯಿ ತೆರೆದೇ ಇದ್ದ ಚೀಲದ ಸುಣ್ಣ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರುತ್ತಾ ಹೀರುತ್ತಾ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿಬಿಡುತ್ತದೆ. ತಾಮ್ರವನ್ನು ಪೂರ್ತಿ ಹಿಡಿದುಹಾಕಲು ಅದಕ್ಕೆ ಆಗದು, ಉಳಿದ ತಾಮ್ರ ಮೊಳೆಗೆ ಹತ್ತುತ್ತದೆ. ಮನೆಗೆ ಬಂದು ಮೇಸ್ತ್ರಿಗೆ ಇದನ್ನೆಲ್ಲ ವಿವರಿಸಿದರೆ, “ಹಳೇ ಸುಣ್ಣಕ್ಕೆ ಖಾರ ಇಲ್ಲ ಅಂತ ನಾನು ಹೇಳೋದು ಅದಕ್ಕೇ ಅಲ್ವಾ ಮಗ” ಅಂದರು.

ಮಳೆಯ ವಿಷಯಕ್ಕೆ ಬಂದರೆ, ಪುಸ್ತಕ ಮಿಲಿಮೀಟರಿನಲ್ಲಿ ಹೇಳುತ್ತದೆ, ನಮ್ಮ ತೋಟಗಳಲ್ಲಿ ಇಂಚು-ಸೆಂಟ್ ಲೆಕ್ಕ. ಬೆಳಿಗ್ಗೆ ಅಪ್ಪ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ಪಕ್ಕದ ತೋಟಕ್ಕೆ ಫೋನು: “ನಿಮ್ಮಲ್ಲೆಷ್ಟು?” ಒಂದು ಇಂಚು 25.4 ಮಿ.ಮೀ., ಸೆಂಟ್ ಅದರ ನೂರನೇ ಒಂದು ಪಾಲು. ಭೂಗೋಳದ ಸರ್ ನಮ್ಮಿಂದ ಬಾಟಲಿಯ ಮಳೆಮಾಪಕ ಮಾಡಿಸಿದರು. ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಇಟ್ಟರೆ ಅದೇ ಆಲಿಕೆ. ತಳದ ಗುಂಡಿಗಳನ್ನು ಜಲ್ಲಿ ಹಾಕಿ, ನೀರು ತುಂಬಿ ಮುಚ್ಚಿ, ಅಲ್ಲಿಂದ ಮೇಲೆ ಸೊನ್ನೆ ಗೆರೆ. ಬಾಯಿಯೂ ಮೈಯೂ ಒಂದೇ ಅಗಲ ಇರಬೇಕು, ಇಲ್ಲದಿದ್ದರೆ ಲೆಕ್ಕ ಹಾರಿಹೋಗುತ್ತದೆ. ಒಂದೇ ಊರಿನಲ್ಲಿ ಒಂದೇ ರಾತ್ರಿಯ ಮಳೆಗೆ ಒಬ್ಬೊಬ್ಬರದು ಒಂದೊಂದು ಅಂಕಿ. ಮರದ ಕೆಳಗಿಟ್ಟವರದು ಒಂದು, ಅಂಗಳದ ನಡುವೆ ಇಟ್ಟವರದು ಇನ್ನೊಂದು. ಮಾಪಕವನ್ನು ಮರ, ಮಾಡು ಇಲ್ಲದ ಬಯಲಿನಲ್ಲಿ ಇಡಬೇಕೆಂದು ಪಾಠದಲ್ಲಿ ಓದಿದ್ದರೂ ಯಾಕೆಂದು ಹೊಳೆದದ್ದು ಆ ಅಂಕಿಗಳನ್ನು ಜೋಡಿಸಿ ನೋಡಿದಾಗ.

ಗಣಿತದ ಸರ್ ಅದೇ ಅಂಕಿ ಎತ್ತಿಕೊಂಡರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು? 1 ಲಕ್ಷ 2 ಸಾವಿರ ಲೀಟರಿಗೂ ಮಿಕ್ಕಿ. ತರಗತಿ ಸುಮ್ಮನಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ನಾವು ಚಿಕ್ಕವರು, ಕೇಳಿದ್ದು ನೋಡಿದ್ದು ಎಲ್ಲರಿಗೂ ಇದೆ. ಆ ಇಳಿಜಾರಿನ ಮಣ್ಣು ದಿನಗಟ್ಟಲೆ ಹೊತ್ತ ಭಾರ ಎಷ್ಟೆಂದು ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ.

ತ್ರಿಕೋನಮಿತಿಗೆ ತೋಟದ ಸಿಲ್ವರ್ ಓಕ್ ಮರ, ಅದರ ಎತ್ತರ ಅಳೆಯಬೇಕು. ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿದರೆ ಉಪಕರಣ ತಯಾರು. ಪುಸ್ತಕದ ಚಿತ್ರದಲ್ಲಿ ನೆಲ ಯಾವಾಗಲೂ ಸಮತಟ್ಟು. ನಮ್ಮಲ್ಲಿ ಅಂಥ ಜಾಗ ಬೇಕೆಂದರೆ ಗದ್ದೆಗೇ ಇಳಿಯಬೇಕು! ಬರೆಯ (ಕಡಿದಾದ ದಿಣ್ಣೆಯ) ಮೇಲೆ ನಿಂತರೆ ಮರದ ಬುಡ ಕಣ್ಣಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ತುದಿಗೊಂದು, ಬುಡಕ್ಕೊಂದು, ಎರಡು ಕೋನ ಬೇಕಾಯಿತು. ಟೇಪನ್ನೂ ಇಳಿಜಾರಿಗೆ ಹಾಸದೆ ಮಟ್ಟವಾಗಿ ಹಿಡಿಯಬೇಕು. ದೂರ 12 ಮೀಟರ್, ಮೇಲಕ್ಕೆ 52 ಡಿಗ್ರಿ, ಕೆಳಕ್ಕೆ 20 ಡಿಗ್ರಿ. ಎರಡು ಎತ್ತರ ಕೂಡಿಸಿದರೆ 20 ಮೀಟರಿಗೆ ಒಂಚೂರು ಕಮ್ಮಿ. ವರ್ಗಸಮೀಕರಣಕ್ಕೆ ಇಂಥ ದಾರಿ ಯಾವುದೂ ಸಿಗಲಿಲ್ಲ, ಲೆಕ್ಕ ಬಿಡಿಸಿ ಬಿಡಿಸಿಯೇ ಕಲಿತದ್ದು. ಇಂಗ್ಲಿಷಿನ ಚಾರ್ಟುಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು.

ಸಮಾಜ ವಿಜ್ಞಾನದಲ್ಲಿ ಒಂದು ಕೆಲಸ ಕೋಟೆಗಿಂತ ಮೇಲಾಗಿತ್ತು. 1956ರ ನವೆಂಬರ್ 1ಕ್ಕೆ ಮುಂಚೆ ಕೊಡಗು ಬೇರೆಯೇ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗ ಶಾಲೆಗೆ ಹೋಗುತ್ತಿದ್ದ ಹಿರಿಯರನ್ನು ಹುಡುಕಿ, ಏನು ಬದಲಾಯಿತು ಎಂದು ಕೇಳಿ ಬರೆದುಕೊಂಡು ಬರಬೇಕಿತ್ತು. ಒಬ್ಬರು “ನಮಗೇನೂ ಗೊತ್ತೇ ಆಗ್ಲಿಲ್ಲ” ಅಂದರು, ಇನ್ನೊಬ್ಬರು “ಎಲ್ಲಾ ಕಾಗದಕ್ಕೂ ಬೆಂಗಳೂರಿಗೆ ಓಡೋ ಹಾಗಾಯ್ತು” ಎಂದು ಇವತ್ತಿಗೂ ಸಿಟ್ಟಾದರು. ಇಬ್ಬರದನ್ನೂ ಬರೆದುಕೊಟ್ಟೆ.

ಜೀವಶಾಸ್ತ್ರದ್ದು ಇನ್ನೂ ಮುಗಿದಿಲ್ಲ. ಕಾಫಿ ಹೂ ಅರಳಿಸುವ ‘ಹೂ ಮಳೆ’ ಬಿದ್ದು ಮೊಗ್ಗು ಉಬ್ಬುವ ಹೊತ್ತಿಗೆ, ಹೂ ಬಿರಿಯುವ ಮುಂಚೆ, ರೋಬಸ್ಟಾದ ಒಂದು ಕೊಂಬೆಗೂ ಮನೆ ಹಿಂದಿನ ಅರೇಬಿಕಾದ ಒಂದು ಕೊಂಬೆಗೂ ತೆಳು ಬಟ್ಟೆಯ ಚೀಲ ಕಟ್ಟಿದೆ. ಹೂ ಬಾಡಿದ ಮೇಲೆ ಬಿಚ್ಚಿದೆ. ಅಷ್ಟರಲ್ಲಿ ಪರೀಕ್ಷೆ ಬಂತು, ರಜೆ ಬಂತು. ಇದಕ್ಕೆ ಯಾರೂ ಅಂಕ ಕೊಡುವವರಿರಲಿಲ್ಲ. ಆಮೇಲೆ ನೋಡಿದರೆ ಅರೇಬಿಕಾದ ಗಂಟುಗಳಲ್ಲಿ ಮಿಡಿ ಕೂತಿತ್ತು, ರೋಬಸ್ಟಾದ ಗಂಟುಗಳು ಬರಿದು, ಚೀಲ ಕಟ್ಟದ ಪಕ್ಕದ ಕೊಂಬೆಯಲ್ಲಿ ಮಾತ್ರ ತುಂಬಿತ್ತು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅಪ್ಪ ನೋಡಿ, “ಬಿಸಿಲು ತಾಗದೆ ಉದುರಿರಬಹುದು” ಅಂದರು. ಅರೇಬಿಕಾಕ್ಕೂ ಅದೇ ಚೀಲ ಕಟ್ಟಿದ್ದೆನಲ್ಲ ಎಂದರೂ ಒಪ್ಪಲಿಲ್ಲ. ಮುಂದಿನ ಹೂವಿಗೆ ರೋಬಸ್ಟಾದ ಎರಡು ಕೊಂಬೆಗೆ ಚೀಲ ಕಟ್ಟಿ, ಒಂದರಲ್ಲಿ ಮಾತ್ರ ಬೇರೆ ಗಿಡದ ಪರಾಗ ಕೈಯಿಂದ ಹಚ್ಚಿ ನೋಡಬೇಕು. ಗಿಡಕ್ಕೆ ಕೆಂಪು ದಾರ ಕಟ್ಟಿಟ್ಟಿದ್ದೇನೆ. ಕೊಯ್ಲು ಮುಗಿದು ಗಿಡ ಸವರುವಾಗ ಆ ಕೊಂಬೆಗಳಿಗೆ ಕತ್ತರಿ ಹಾಕಬೇಡಿ ಎಂದು ಮೇಸ್ತ್ರಿಗೆ ಹೇಳಿಡಬೇಕು.