ದುರ್ಗದಲ್ಲಿ ರೋಮನ್ ಸಂತೆ ಹಾಕಿ ಮಕ್ಕಳ ಬಾಯಲ್ಲಿ ಲ್ಯಾಟಿನ್ ಆಡ್ಸೋದು ಹೆಂಗೆ

ಲ್ಯಾಟಿನ್ ಕಲಿಸ್ತೀನಿ ಅಂತ ಮೊದಲ್ನೇ ದಿನಾನೇ ವಿಭಕ್ತಿ ಟೇಬಲ್ಲು ಬೋರ್ಡ್ ತುಂಬ ಬರೆದ್ರೆ ಹುಡುಗ್ರು ಮುಂದಿನ ವಾರ ಬರಲ್ಲ. ಅದ್ರ ಬದ್ಲು ಸಂತೆ ಹಾಕ್ರಿ, ಸಂತೇಲಿ ಬಾಯಿ ಬಿಡ್ದೆ ಏನೂ ಸಿಗಲ್ಲ ನೋಡ್ರಿ.

ಚಿತ್ರದುರ್ಗದಲ್ಲಿ ಇದಕ್ಕೆ ನೆಪಾನೂ ಐತೆ. ಕೋಟೆ ಹತ್ರದ ಚಂದ್ರವಳ್ಳೀಲಿ ಶಾತವಾಹನರ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ತಿಬೇರಿಯಸ್ಸಿನ ದೇನಾರಿಯಸ್ ಅನ್ನೋ ಬೆಳ್ಳಿ ನಾಣ್ಯಾನೂ ಸಿಕ್ಕಿದೆ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದ್ರು. ಮಕ್ಕಳನ್ನ ಮೊದ್ಲು ಅಲ್ಲಿಗೆ ಒಂದ್ಸಲ ಕರ್ಕೊಂಡು ಹೋಗಿ ಬರ್ರಿ, ಸಂತೆ ಮಾತ್ರ ಶಾಲೆ ಅಂಗಳದಲ್ಲೇ ಇರ್ಲಿ.

ಬಟ್ಟೆಗೆ ತಲೆ ಕೆಡಿಸ್ಕೋಬೇಡ್ರಿ. ಟೋಗಾ ಅಂತ ಐದಾರು ಮೀಟರ್ ಬಟ್ಟೆ ಸುತ್ತಿದ್ರೆ ಮಕ್ಕಳು ಎಡವಿ ಬೀಳ್ತಾರೆ, ಅಂಗಡಿ ಕೆಲಸದೋರು ತೊಡ್ತಿದ್ದಿದ್ದು ತುನಿಕಾ ಅನ್ನೋ ಸಾದಾ ಅಂಗೀನೇ. ಹಳೇ ಪಂಚೆ ಎರಡು ತುಂಡು ಮಾಡಿ ಹೆಗಲಿಗೂ ಪಕ್ಕಕ್ಕೂ ಹೊಲಿಗೆ ಹಾಕಿ ಸೊಂಟಕ್ಕೊಂದು ದಾರ ಕಟ್ಟಿದ್ರೆ ಆಯ್ತು. ಗುಲಾಮರ ಪಾತ್ರ ಯಾವ ಮಗೂಗೂ ಕೊಡಬೇಡಿ, ರೋಮಲ್ಲಿ ಗುಲಾಮಗಿರಿ ಇತ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಕು.

ಸಾಮಾನಿಗೆ ಕಡಲೆ, ಬೇಳೆ, ಅಂಜೂರ, ಖರ್ಜೂರ, ಜೇನು, ಗೋಧಿ ರೊಟ್ಟಿ, ಕರಿಮೆಣಸು ಇಡ್ರಿ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಹಸಿಮೆಣಸಿನಕಾಯಿ ಬೇಡ, ಇವೆಲ್ಲ ಅಮೆರಿಕದಿಂದ ಬಂದಿದ್ದು, ರೋಮನ್ನರು ಕಣ್ಣಲ್ಲೂ ನೋಡಿರ್ಲಿಲ್ಲ. ದಾವಣಗೆರೆ ಮಿರ್ಚಿ ಮಂಡಕ್ಕಿ ಸಂತೆ ಮುಗಿದ್ಮೇಲೆ ತಿನ್ನಿ, ಯಾರೂ ಬೇಡ ಅನ್ನಲ್ಲ.

ದುಡ್ಡನ್ನ ರಟ್ಟಲ್ಲಿ ಕತ್ತರಿಸ್ರಿ. 1 ದೇನಾರಿಯಸ್ಸಿಗೆ 4 ಸೆಸ್ತೆರ್ತಿಯಸ್, ಅಥವಾ 16 ಆಸ್. ಕರಿಮೆಣಸಿನ ರೇಟು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ, ಒಂದು ರೋಮನ್ ಪೌಂಡಿಗೆ, ಅಂದ್ರೆ ಸುಮಾರು 327 ಗ್ರಾಮಿಗೆ, 4 ದೇನಾರಿಯಸ್. ಆಗ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳವೇ 225 ದೇನಾರಿಯಸ್, ಇದನ್ನ ಹೇಳಿದ್ರೆ ಮಕ್ಕಳು ಚೌಕಾಸಿಗೆ ತಾವೇ ನಿಲ್ತಾರೆ.

ಮಾತು ಕಮ್ಮಿ ಇರ್ಲಿ, ಐದಾರು ವಾಕ್ಯ ಸಾಕು. ಒಬ್ಬರಿಗೆ ನಮಸ್ಕಾರ ಅನ್ನೋಕೆ ಸಲ್ವೇ, ತುಂಬ ಜನಕ್ಕೆ ಸಲ್ವೇತೆ. ಎಷ್ಟಕ್ಕೆ ಅನ್ನೋಕೆ ಕ್ವಂತೀ ಕೋನ್‌ಸ್ತತ್. ಜಾಸ್ತಿ ಆಯ್ತು ಅನ್ನೋಕೆ ನಿಮಿಸ್ ಕಾರುಮ್ ಎಸ್ತ್. ಮೂರಕ್ಕೆ ತಗೋತೀನಿ ಅನ್ನೋಕೆ ತ್ರಿಬುಸ್ ಎಮೋ. ಇವನ್ನ ಕನ್ನಡ ಅಕ್ಷರದಲ್ಲೇ ಚಾರ್ಟ್ ಬರೆದು ಅಂಗಡಿ ಮೇಲೆ ತೂಗುಹಾಕ್ರಿ, ಇಂಗ್ಲಿಷ್ ಅಕ್ಷರ ನೋಡಿದ್ರೆ ಮಕ್ಕಳು ಇಂಗ್ಲಿಷ್ ಥರಾನೇ ಓದ್ಬಿಡ್ತಾರೆ, ನಮ್ಮ ಲಿಪೀಲಿ ಎ-ಏ, ಒ-ಓ ಬೇರೆಬೇರೆ ಇರೋದ್ರಿಂದ ಲ್ಯಾಟಿನ್ನಿನ ಹ್ರಸ್ವ ದೀರ್ಘ ಹಂಗೇ ಕೂರುತ್ತೆ, ಒತ್ತಕ್ಷರಾನೂ ಅಷ್ಟೇ.

ವ್ಯಾಕರಣ ಅಲ್ಲೇ ನುಸುಳಿಸಬೇಕು. ಪಾನಿಸ್ ಅಂದ್ರೆ ರೊಟ್ಟಿ, ಆದ್ರೆ ರೊಟ್ಟಿ ಬೇಕು ಅಂತ ಕೇಳೋವಾಗ ಪಾನೆಮ್ ವೊಲೋ. ಪಾನಿಸ್ ವೊಲೋ ಅಂದೋರಿಗೆ ರೊಟ್ಟಿ ಕೊಡಬೇಡಿ, ಸರಿ ಮಾಡಿ ಹೇಳೋವರ್ಗೂ ಕಾಯ್ರಿ. ರೊಟ್ಟಿಯನ್ನ, ರೊಟ್ಟಿಗೆ, ರೊಟ್ಟಿಯಿಂದ ಅಂತ ದಿನಾ ಹೇಳೋ ಮಕ್ಕಳಿಗೆ ಇದೇನು ಹೊಸದಲ್ಲ, ಕ್ರಿಯಾಪದ ಕೊನೇಲಿ ಬರೋದೂ ಹೊಸದಲ್ಲ.

ಅಂಗಳದ ಸುತ್ತ ಹಗ್ಗ ಕಟ್ಟಿ, ಒಳಗೆ ಕನ್ನಡ ಆಡಿದೋರಿಗೆ 1 ಆಸ್ ದಂಡ ಹಾಕ್ರಿ, ಮೇಷ್ಟ್ರಿಗೆ ಎರಡು. ಮುಕ್ಕಾಲು ಗಂಟೆಗೆ ನಿಲ್ಲಿಸ್ಬಿಡಿ. ಆಮೇಲೆ ಪ್ರತಿಯೊಬ್ಬರೂ ಏನೇನು ಕೊಂಡ್ರು, ಎಷ್ಟಕ್ಕೆ ಅಂತ ರೋಮನ್ ಅಂಕಿ ಹಾಕಿ ಸ್ಲೇಟಲ್ಲಿ ಬರೀಲಿ. ವಿಭಕ್ತಿ ಟೇಬಲ್ಲು ತೆಗೆಯೋದು ಆವಾಗ.